ಶೇವಂತಾಬಾಯಿಯ ಗೂಟಗಳು

ಹೋದ ವರ್ಷ ಆ ಬಾಗಿಲನ್ನು ಒಡೆದು ಎತ್ತರ ಮಾಡಿದರು. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ. ಗಿರಾಕಿಗಳ ತಲೆಗೆ ಬಡಿಯುತ್ತದಂತೆ, ಅದಕ್ಕೇ ಒಡೆದರಂತೆ. ಬಡಿಯಲಿ ಬಿಡ್ರಯ್ಯಾ! ಬಡಿಯಲಿಕ್ಕೆಂದೇ ಅಲ್ಲವೇ ಅದು ಇದ್ದದ್ದು? ಸುದ್ದಿ ಕೇಳಿದ ದಿನವೇ ಬೀದರಿನಿಂದ ಬಸ್ಸು ಹಿಡಿದು ಭಾಲ್ಕಿಗೆ ಹೋಗಿ ಅಂಗಡಿಯವನ ಜೊತೆ ಜಗಳ ಮಾಡಿ ಬಂದೆ. ಅವನು ಪಾಪ, ನಾನು ಕೂಗಾಡಿದ್ದನ್ನೆಲ್ಲ ಕೇಳಿಸಿಕೊಂಡು, "ಅಂಕಲ್, ಮೊಬೈಲಿಗಿ ಏನಾಗ್ಯದರಿ?" ಎಂದ. ನನ್ನ ಮೊಬೈಲಿಗೆ ಏನೂ ಆಗಿರಲಿಲ್ಲ.

ನಮ್ಮ ಕಡೆಯ ಚರಿತ್ರೆ ಬರೆಯುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಬರೆದರೆ ಬೀದರಿನ ಕೋಟೆಯನ್ನು ಬರೆಯುತ್ತಾರೆ, ಇಲ್ಲವೆಂದರೆ ಅಷ್ಟೂರಿನ ಗುಂಬಜಗಳನ್ನು. ಸತ್ತ ಸುಲ್ತಾನರು ಮಲಗಿದ ಕಟ್ಟಡಕ್ಕೆ ಫಲಕವಿದೆ, ಬೇಲಿಯಿದೆ, ಕಾವಲುಗಾರನಿದ್ದಾನೆ. ಬದುಕಿದ್ದ ಮನುಷ್ಯರು ಕೂತು ಎದ್ದ ಕಟ್ಟಡಕ್ಕೆ ಒಂದು ಸಾಲು ಬರೆದವರಿಲ್ಲ. ಆದ್ದರಿಂದ ಭಾಲ್ಕಿಯ ಸೇಂದಿಖಾನೆಯ ಕತೆಯನ್ನೂ, ಅದನ್ನು ನಡೆಸಿದ ಶೇವಂತಾಬಾಯಿಯ ಕತೆಯನ್ನೂ ನಾನೇ ಬರೆಯಬೇಕಾಗಿದೆ. ಓದುವವರು ಓದಲಿ.

ಈಚಲ ಮರದಿಂದ ಇಳಿಸಿದ ಹೆಂಡಕ್ಕೆ ನಿಜಾಮನ ಸೀಮೆಯಲ್ಲಿ ಸೇಂದಿ ಎನ್ನುತ್ತಿದ್ದರು. ಅದನ್ನು ಕೂತು ಕುಡಿಯುವ ಜಾಗ ಸೇಂದಿಖಾನೆ. ನಮ್ಮೂರಿನದು ಹಳೇ ಬಜಾರಿನ ಗಲ್ಲಿಯಲ್ಲಿತ್ತು. ಗಲ್ಲಿಯ ಒಂದು ತುದಿಗೆ ಮಸೀದಿ, ಇನ್ನೊಂದು ತುದಿಗೆ ವಿಠೋಬನ ಗುಡಿ, ನಟ್ಟ ನಡುವೆ ಇದು. ಕರಿಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬೀದಿಗೆ ತೆರೆದುಕೊಂಡ ಪಡಸಾಲೆ. ಪಡಸಾಲೆ ದಾಟಿದರೆ ಆ ಗಿಡ್ಡ ಬಾಗಿಲು. ಬಾಗಿಲು ಯಾಕೆ ಅಷ್ಟು ಗಿಡ್ಡ ಎಂದು ಕೇಳಿದರೆ ಊರಿನವರು ಎರಡು ಥರ ಹೇಳುತ್ತಿದ್ದರು. ಮೊದಲು ಅದು ಸುಂಕದ ನಾಕಾ ಆಗಿತ್ತು, ವ್ಯಾಪಾರಿಗಳು ಸರಕಾರದ ಮುಂದೆ ಬಗ್ಗಿ ಬರಲೆಂದು ಹಾಗೆ ಕಟ್ಟಿಸಿದರು ಎನ್ನುವವರು ಕೆಲವರು. ಕಟ್ಟುವಾಗಲೇ ಗೌಂಡಿ ಕುಡಿದಿದ್ದ ಎನ್ನುವವರು ಕೆಲವರು. ನನಗೆ ಎರಡನೆಯದೇ ನಿಜವೆನಿಸುತ್ತದೆ. ಒಳಗಿನ ಒಂದು ಗೋಡೆಯೂ ನೆಟ್ಟಗಿರಲಿಲ್ಲ.

ಆ ಕಾಲದಲ್ಲಿ ಬರಿದಲೆಯಲ್ಲಿ ಬೀದಿಗೆ ಬರುವ ಗಂಡಸಿರಲಿಲ್ಲ. ರುಮಾಲೋ, ಮುಂಡಾಸೋ, ಟೋಪಿಯೋ ತಲೆಯ ಮೇಲೆ ಒಂದು ಇರಲೇಬೇಕು. ಇಂಥ ತಲೆಗಳು ಆ ಬಾಗಿಲಿಗೆ ಬಡಿದು, ರುಮಾಲು ಹಾರಿ ಸೇಂದಿಯ ಗಡಿಗೆಯಲ್ಲಿ ಬೀಳುವುದು ದಿನದ ಗೋಳಾಯಿತು. ಕೊನೆಗೆ ಶೇವಂತಾಬಾಯಿಯ ಮಾವ ಪಡಸಾಲೆಯ ಗೋಡೆಗೆ ಸಾಲಾಗಿ ಕಟ್ಟಿಗೆಯ ಗೂಟ ಬಡಿಸಿ, ತಲೆಯ ಮೇಲಿನದನ್ನು ಅಲ್ಲೇ ಬಿಟ್ಟು ಒಳಗೆ ಬರಬೇಕೆಂದು ಕಟ್ಟು ಮಾಡಿದ.

ಕಟ್ಟು ಅಷ್ಟಕ್ಕೇ ನಿಲ್ಲಲಿಲ್ಲ, ತಾನೇ ಬೆಳೆಯಿತು. ರುಮಾಲು ಬಿಟ್ಟ ಮೇಲೆ ಒಳಗೆ ಪಾಟೀಲ ಯಾರು, ಕುರುಬ ಯಾರು? ಆದ್ದರಿಂದ ಒಳಗೆ ಯಾರನ್ನೂ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಎಲ್ಲರೂ "ಪಾವಣೇರ", ಅಂದರೆ ಬಂದ ನೆಂಟರು. ಬಹಳ ದಿನದ ಗಿರಾಕಿಗೆ ಅವನದೇ ಒಂದು ಗೂಟ. ಒಬ್ಬರು ಇನ್ನೊಬ್ಬರ ಗೂಟದ ಕಡೆ ಕಣ್ಣೆತ್ತಿ ನೋಡಬಾರದು. ಹೊರಗೆ ಬಂದು ರುಮಾಲು ಸುತ್ತಿಕೊಂಡ ಮೇಲೆ, ಅಲ್ಲಿ ಯಾರೂ ಯಾರನ್ನೂ ಕಂಡಿಲ್ಲ, ಯಾರೂ ಹೋಗಿಯೇ ಇಲ್ಲ. ಇದನ್ನು ಊರು ಎಷ್ಟು ನಿಷ್ಠೆಯಿಂದ ಪಾಲಿಸಿತೆಂದರೆ, ನೀವು ಇವತ್ತಿಗೂ ಭಾಲ್ಕಿಯ ಹಳಬರನ್ನು ಕೇಳಿ ನೋಡಿ. "ನಮ್ಮಪ್ಪ ಆ ಕಡಿ ಹಾಯ್ದೂ ನೋಡಿಲ್ಲರಿ" ಎನ್ನುತ್ತಾರೆ. ಆಮೇಲೆ ಅದೇ ಉಸಿರಿನಲ್ಲಿ ಒಳಗೆ ಕಿಟಕಿ ಎಲ್ಲಿತ್ತು, ಯಾವ ಮೂಲೆ ಸೋರುತ್ತಿತ್ತು ಎಂದು ಹೇಳುತ್ತಾರೆ.

ನಮ್ಮಪ್ಪ ಮಡೆಪ್ಪನೂ ಹೋದವನಲ್ಲ. ಅವನದು ಸೇಂದಿಖಾನೆಯ ಎದುರಿಗೇ ರುಮಾಲು ಟೋಪಿಗಳ ಅಂಗಡಿ. ನಾನು ಮುಂದೆ ಹೇಳುವುದನ್ನೆಲ್ಲ ಅವನು ಅಂಗಡಿಯಲ್ಲಿ ಕೂತೇ ಕಂಡನಂತೆ. ಕಲ್ಲು ಗೋಡೆಯ ಆಚೆ ಪಿಸುಗುಟ್ಟಿದ್ದನ್ನೂ ಅಲ್ಲೇ ಕೂತು ಕೇಳಿಸಿಕೊಂಡನಂತೆ. ಮಗನಾಗಿ ನಾನು ಹೆಚ್ಚು ಕೇಳಲಿಲ್ಲ.

ಇನ್ನು ಶೇವಂತಾಬಾಯಿ. ಔರಾದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಭಾಲ್ಕಿಯಲ್ಲಿ ಸೇಂದಿ ಮಾರುವ ಕಲಾಲರ ಮನೆಗೆ ಸೊಸೆಯಾಗಿ ಬಂದವಳು. ಆಳು ಗಿಡ್ಡ, ಬಾಯಿ ದೊಡ್ಡದು. ಊರಿನಲ್ಲಿ ಆ ಬಾಗಿಲಿಗೆ ತಲೆ ಬಗ್ಗಿಸದೆ ನಡೆಯುತ್ತಿದ್ದವಳು ಅವಳೊಬ್ಬಳೇ; ಇದರ ಬಗ್ಗೆ ಅವಳಿಗೆ ಸಣ್ಣ ಜಂಭವೂ ಇತ್ತು. ಗಂಡ ಸೇಂದಿಯ ಮನೆಯಲ್ಲಿ ಹುಟ್ಟಿಯೂ ಒಂದು ಹನಿ ಮುಟ್ಟದ ಮನುಷ್ಯ. ಒಂದು ಮದುವೆಗೆ ಹೋಗಿ, ಆ ಊರಿನ ಬಾವಿಯ ನೀರು ಕುಡಿದು, ವಾಂತಿಭೇದಿ ಹತ್ತಿ ಸತ್ತ. ಆಮೇಲೆ ಯಾರಾದರೂ ಅವಳಿಗೆ ಈ ಧಂದೆ ಬಿಡು, ಕುಡಿತ ಕೆಟ್ಟದ್ದು ಎಂದು ಉಪದೇಶ ಮಾಡಲು ಬಂದರೆ, "ನನ್ನ ಗಂಡ ನೀರು ಕುಡ್ದು ಸತ್ತಾನರಿ. ನಂದು ನನಗ ಗೊತ್ತದ" ಎಂದು ಕಳಿಸಿಬಿಡುತ್ತಿದ್ದಳು.

ಅವಳು ಬಾಗಿಲ ಒಳಮಗ್ಗುಲಲ್ಲಿ ಮಣೆ ಹಾಕಿಕೊಂಡು ಕೂತಿರುತ್ತಿದ್ದಳು. ಯಾರು ಮೆಟ್ಟಿಲು ಹತ್ತಿದರೂ ತಲೆಯೆತ್ತಿ ನೋಡದೆ, "ಟೋಪಿ ಗೂಟಕ್ಕ" ಎನ್ನುತ್ತಿದ್ದಳು. ರುಮಾಲಿನವನಿಗೂ ಅದೇ ಮಾತು, ಮುಂಡಾಸಿನವನಿಗೂ ಅದೇ. ಒಮ್ಮೆ ದಾರಿ ತಪ್ಪಿ ಪಡಸಾಲೆಗೆ ಬಂದ ಎಮ್ಮೆಗೂ ಹಾಗೇ ಅಂದಳೆಂದು ಊರಲ್ಲಿ ನಗೆಯಾಡುತ್ತಿದ್ದರು. ಹೆಚ್ಚು ಕುಡಿದವನಿಗೆ ಮತ್ತೆ ಹಾಕುತ್ತಿರಲಿಲ್ಲ, ಹುರಿಗಡಲೆ ಕೊಟ್ಟು ಮನೆಗೆ ಅಟ್ಟುತ್ತಿದ್ದಳು. ಹೆಂಡತಿಯನ್ನು ಹೊಡೆದು ಬಂದವನ ಗೂಟ ಕಿತ್ತು ಒಲೆಗೆ ಹಾಕುತ್ತಿದ್ದಳು. ಹಾಗೆ ಗೂಟ ಕಳಕೊಂಡವನು ವಾರಗಟ್ಟಲೆ ಗಲ್ಲಿಯಲ್ಲಿ ಮೋರೆ ಜೋಲು ಹಾಕಿಕೊಂಡು ತಿರುಗುತ್ತಿದ್ದ. ಅವನು ಅಲ್ಲಿಗೆ ಹೋಗುವವನೇ ಅಲ್ಲವಾದ್ದರಿಂದ ಯಾಕೆಂದು ಯಾರೂ ಕೇಳುವಂತೆಯೂ ಇರಲಿಲ್ಲ.

ಇಷ್ಟು ಜನ "ಹೋಗದೇ ಇದ್ದ" ಊರಿನಲ್ಲಿ ನಿಜವಾಗಿಯೂ ಹೋಗದವನು ಒಬ್ಬನೇ ಒಬ್ಬನಿದ್ದ. ತಹಶೀಲ ಕಚೇರಿಯ ಕಾಗದಪತ್ರ ನೋಡುವ ಪೇಶಕಾರ ಫಕ್ರೋದ್ದೀನ ಸಾಬ್. ತೆಳ್ಳನೆ ಮನುಷ್ಯ. ಗಡ್ಡವಿಲ್ಲ, ಸಣ್ಣ ಮೀಸೆ, ಕರಿ ಶೇರವಾನಿ, ಕರಿ ಗೊಂಡೆಯ ಕೆಂಪು ರೂಮಿ ಟೋಪಿ. ಐದು ಹೊತ್ತಿನ ನಮಾಜು ತಪ್ಪಿಸಿದವನಲ್ಲ, ಲಂಚ ಮುಟ್ಟಿದವನಲ್ಲ, ಕಾಯದೆ ಬಿಟ್ಟು ಕದಲಿದವನಲ್ಲ. ಮಸೀದಿಗೆ ಹೋಗುವ ದಾರಿಯಲ್ಲಿ ಸೇಂದಿಖಾನೆ ಬಂದಾಗ ಮೂಗಿಗೆ ತೋಳು ಒತ್ತಿಕೊಂಡು ದಾಟುತ್ತಿದ್ದ. ಇದನ್ನು ಇಲ್ಲಿಂದ ಎಬ್ಬಿಸಬೇಕು ಎಂದು ಮೇಲಿನವರಿಗೆ ಅರ್ಜಿಯ ಮೇಲೆ ಅರ್ಜಿ ಹಾಕಿದ್ದ. ಶೇವಂತಾಬಾಯಿಗೆ ಅದು ಗೊತ್ತಿತ್ತು. ಅವನು ದಾಟುವಾಗಲೆಲ್ಲ ಬೇಕೆಂದೇ ದೊಡ್ಡ ದನಿಯಲ್ಲಿ, "ಪೇಶಕಾರ ಸಾಬ್, ನಿಮ್ಮ ಗೂಟ ಖಾಲಿ ಅದರಿ!" ಎನ್ನುತ್ತಿದ್ದಳು. ಅವನು "ತೋಬಾ ತೋಬಾ" ಎನ್ನುತ್ತ ಓಡುತ್ತಿದ್ದ.

ಹೀಗಿರುವಾಗ ನಲವತ್ತೆಂಟನೆಯ ಇಸವಿ ಬಂತು. ನಿಜಾಮನ ಪರ ನಿಂತ ರಜಾಕಾರರ ದಂಡಿನ ಕಾಟ ಮೊದಲು, ಆಮೇಲೆ ಪೊಲೀಸ್ ಆ್ಯಕ್ಷನ್. ಹಿಂದುಸ್ತಾನದ ಫೌಜು ಬಂತು, ನಿಜಾಮ ಶರಣಾದ. ನಮ್ಮಪ್ಪನ ಅಂಗಡಿಯಲ್ಲಿ ಒಂದೇ ವಾರದಲ್ಲಿ ರಾಜ್ಯ ಬದಲಾಯಿತು. ಕೆಂಪು ಟೋಪಿಗಳನ್ನೆಲ್ಲ ಅವನು ಜೋಳದ ಹಗೇವಿನಲ್ಲಿ ಹೂತಿಟ್ಟ. ಬಿಳಿ ಟೋಪಿಗಾಗಿ ಜನ ಮುಗಿಬಿದ್ದರು. ಇದ್ದದ್ದು ಮುಗಿದ ಮೇಲೆ ನಮ್ಮವ್ವ ಭೀಮಬಾಯಿ ಹಾಸಿಗೆಯ ಚಾದರ ಹರಿದು ಟೋಪಿ ಹೊಲಿದಳು. ಕೆಲವು ಟೋಪಿಗಳ ಮೇಲೆ ನೀಲಿ ಹೂವುಗಳಿದ್ದವು. ತೊಟ್ಟವರು ಕಮಕ್ ಕಿಮಕ್ ಎನ್ನಲಿಲ್ಲ.

ನಗೆ ಬರುತ್ತದೆ, ಆದರೆ ನಗುವ ದಿನಗಳಲ್ಲ ಅವು. ರಜಾಕಾರರ ಕೈಯಲ್ಲಿ ನೊಂದವರ ಸಿಟ್ಟು ಈಗ ತಿರುಗಿ ನಿಂತಿತ್ತು. ಅದು ಸುಟ್ಟವನನ್ನೂ ಸುಡದವನನ್ನೂ ಬೇರೆ ಮಾಡಿ ನೋಡುತ್ತಿರಲಿಲ್ಲ, ಟೋಪಿಯ ಬಣ್ಣ ನೋಡುತ್ತಿತ್ತು. ಸುತ್ತಲಿನ ಊರುಗಳಲ್ಲಿ ಆಗ ಏನೇನಾಯಿತು ಎಂಬುದನ್ನು ಹಳಬರು ಈಗಲೂ ಬಾಯಿ ಬಿಟ್ಟು ಹೇಳುವುದಿಲ್ಲ. ನನಗೂ ಅದನ್ನು ಬರೆಯುವ ಧೈರ್ಯವಿಲ್ಲ.

ತಹಶೀಲದಾರ ಎಂದೋ ಓಡಿಹೋಗಿದ್ದ. ಪೇಶಕಾರ ತನ್ನ ಹೆಂಡತಿ ಖತೀಜಾ ಬೇಗಂ ಮತ್ತು ಮಕ್ಕಳನ್ನು ಬೀದರಿಗೆ ಅವಳ ತವರಿಗೆ ಕಳಿಸಿ ತಾನು ಮಾತ್ರ ಉಳಿದ. ಯಾಕೆ ಅಂತೀರಿ? ಕಚೇರಿಯ ಬೀಗದ ಕೈ ಅವನ ಹತ್ತಿರವಿತ್ತು. ಅದನ್ನು ಯಾರಿಗೆ ಒಪ್ಪಿಸಬೇಕೆಂಬ ಹುಕುಂ ಬಂದಿರಲಿಲ್ಲ! ಸರಕಾರವೇ ಹೋಯಿತು ಮಾರಾಯ, ಹುಕುಂ ಎಲ್ಲಿಂದ ಬರಬೇಕು? ಆದರೆ ಅವನಿಗೆ ಹೇಳುವವರು ಯಾರು.

ಒಂದು ಬೆಳಿಗ್ಗೆ ಔರಾದ ಕಡೆಯಿಂದ ಬಡಿಗೆ ಹಿಡಿದ ಜನ ಬರುತ್ತಿದ್ದಾರೆ, ಕಚೇರಿಯ ಕೆಂಪು ಟೋಪಿಯವನನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂತು. ಪೇಶಕಾರ ಮನೆಯಿಂದ ಹೊರಬಿದ್ದು ಗಲ್ಲಿಯಲ್ಲಿ ಗಕ್ಕನೆ ನಿಂತ. ಮಸೀದಿಗೆ ಹೋದರೆ ಮೊದಲು ಅಲ್ಲೇ ಹುಡುಕುತ್ತಾರೆ. ಯಾರ ಮನೆಗೆ ಹೋದರೂ ಆ ಮನೆಯವರಿಗೆ ಆಪತ್ತು. ಊರಿನಲ್ಲಿ ಹೋದವರನ್ನು ಯಾರೂ ಕಂಡೆವೆಂದು ಹೇಳದ ಜಾಗ ಒಂದೇ ಇತ್ತು. ಅವನು ಮೂಗಿನಿಂದ ತೋಳು ತೆಗೆದು ಸೇಂದಿಖಾನೆಯ ಮೆಟ್ಟಿಲು ಹತ್ತಿದ.

ಶೇವಂತಾಬಾಯಿ ಗಡಿಗೆಗೆ ಅರಿವೆ ಕಟ್ಟುತ್ತ ಕೂತಿದ್ದಳು. ಹೆಜ್ಜೆಯ ಸಪ್ಪಳ ಕೇಳಿದ್ದೇ, ತಲೆಯೆತ್ತದೆ, "ಟೋಪಿ ಗೂಟಕ್ಕ" ಎಂದಳು.

ಅಭ್ಯಾಸಬಲ ನೋಡಿ! ಅವಳಿಗೆ ಹೇಳಿ ಅಭ್ಯಾಸ, ಇವನಿಗೆ ಕಾಯದೆ ಪಾಲಿಸಿ ಅಭ್ಯಾಸ. ಜೀವ ಉಳಿಸಿಕೊಳ್ಳಲು ಬಂದ ಮನುಷ್ಯ, ಬೀದಿಗೆ ಕಾಣುವ ಪಡಸಾಲೆಯಲ್ಲಿ, ಕೈಗೆ ಸಿಕ್ಕ ಗೂಟಕ್ಕೆ ತನ್ನ ಕೆಂಪು ಟೋಪಿಯನ್ನು ಗೊಂಡೆ ನೆಟ್ಟಗೆ ಮಾಡಿ ತೂಗುಹಾಕಿ ಒಳಗೆ ಹೋದ.

ಅವನು ಬಗ್ಗಿ ಒಳಗೆ ಬಂದಾಗಲೇ ಅವಳು ಮುಖ ಕಂಡದ್ದು. "ಅಯ್ಯ ಶಿವನೇ, ಪೇಶಕಾರ ಸಾಬ್!"

"ಬಾಯಿ, ಇಲ್ಲಿಗಿ ಬಂದವ್ರಿಗಿ ಯಾರೂ ನೋಡಂಗಿಲ್ಲ ಅಂತಾರಲ್ಲ," ಎಂದ ಅವನು. "ನನಗೂ ಯಾರೂ ನೋಡಬಾರ್ದು. ಅರ್ಜಿ ಬರ್ದವ್ನು ನಾನೇ. ಬ್ಯಾಡ ಅಂದ್ರ ಹೋಗ್ತೇನಿ."

"ಅರ್ಜಿ ಹಾಳಾಗ್ಲಿ. ಕೂಡ್ರಿ. ಇಲ್ಲಿ ನಿಮಗ ಹೆಸರಿಲ್ಲ, ನೀವು ಪಾವಣೇರ," ಎಂದಳು ಶೇವಂತಾಬಾಯಿ. ತಕ್ಷಣ ಗಂಡನ ಹಳೆಯ ಧೋತರ ಅಂಗಿ ಕೊಟ್ಟು ಉಡಿಸಿದಳು. ಶೇರವಾನಿಯನ್ನು ಬರಿ ಗಡಿಗೆಯಲ್ಲಿ ತುರುಕಿ ಮೇಲೆ ಮುಚ್ಚಳ ಹಾಕಿದಳು. ಬೀಗದ ಕೈ ಮಾತ್ರ ಅವನು ಕೊಡಲಿಲ್ಲ, ಉಡಿಗೆ ಕಟ್ಟಿಕೊಂಡ. ಎಲ್ಲವನ್ನೂ ಯೋಚಿಸಿದ ಜಾಣೆ, ಟೋಪಿಯನ್ನು ಮರೆತಳು. ಟೋಪಿ ಗೂಟದಲ್ಲಿರುವುದು ಅವಳಿಗೆ ಮರೆಯುವಷ್ಟು ಸಹಜವಾಗಿತ್ತು.

ಊರು ಹೊತ್ತಿ ಉರಿದರೂ ಗಿರಾಕಿಗಳು ತಪ್ಪುವರೇ? ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಬಂದರು. ಮೊದಲು ವೈಜಿನಾಥ ಪಾಟೀಲ. ತನ್ನ ಜರಿಯಂಚಿನ ರುಮಾಲನ್ನು ವಾರಕ್ಕೊಮ್ಮೆ ಗಂಜಿ ಹಾಕಿಸುವವನು. ಅದನ್ನು ಯಾರಾದರೂ ಮುಟ್ಟಿದರೆ ಮುನಿಯುವವನು. ಅವನು ಬೇರೆಯವರ ಗೂಟ ನೋಡುವವನಲ್ಲವಾದ್ದರಿಂದ ಕೆಂಪು ಟೋಪಿಯನ್ನು ನೋಡಲಿಲ್ಲ. ಆಮೇಲೆ ಬಿಳಿ ಟೋಪಿಯ ಇನ್ನೊಬ್ಬ ಪಾವಣೇರ ಬಂದ. ಅವನ ಟೋಪಿಯ ಮೇಲೆ ನೀಲಿ ಹೂವುಗಳಿದ್ದವು, ಇಷ್ಟು ಸಾಕು. ಕೊನೆಗೆ ಧೊಂಡಿಬಾ ಬಂದ. ಊರಂಚಿನ ಕುರಿಗಾರ, ಕೊರಳಲ್ಲಿ ತುಳಸಿಮಾಲೆ, ವರ್ಷವರ್ಷ ಪಂಢರಪುರಕ್ಕೆ ನಡೆದು ಹೋಗುವ ವಾರಕರಿ. ಕುಡಿತ ಮುಟ್ಟುವುದಿಲ್ಲವೆಂದು ವಿಠೋಬನ ಮುಂದೆ ಆಣೆ ಮಾಡಿದವನು. ಆಣೆ ಮಾಡಿದ್ದು ಧೊಂಡಿಬಾ, ಒಳಗೆ ಕುಡಿಯುವವನು ಪಾವಣೇರ. ಹೀಗೆ ಅವನು ಸಮಾಧಾನ ಮಾಡಿಕೊಂಡಿದ್ದ.

ಅವನ ಗೂಟದ ಮೇಲೆ ಅವತ್ತು ಏನೋ ಇತ್ತು. "ಯಾವಂವಾ ನನ್ನ ಗೂಟಕ್ಕ ಗಂಟು ಬಿದ್ದಾನ?" ಎಂದು ಬೈದುಕೊಂಡು, ಕುರಿವಾಸನೆಯ ಮುಂಡಾಸನ್ನು ಪಕ್ಕದ ಗೂಟಕ್ಕೆ ಹಾಕಿ ಒಳಗೆ ಬಂದ. ಮೂಲೆಯಲ್ಲಿ ಮುದುಡಿ ಕೂತ ಪೇಶಕಾರನನ್ನು ಎಲ್ಲರೂ ಕಂಡರು. ಪಾಟೀಲ ತನ್ನ ಹುರಿಗಡಲೆಯ ತಟ್ಟೆಯನ್ನು ಅವನ ಕಡೆ ಸರಿಸಿದ, ಅಷ್ಟೇ.

ಆಗ ಗಲ್ಲಿಯಲ್ಲಿ ಗದ್ದಲವೆದ್ದಿತು.

ಬಂದವರ ಮುಂದಾಳು ಔರಾದ ಕಡೆಯ ಮಚ್ಛೇಂದ್ರ. ಮೂವತ್ತು ದಾಟದ ಗಟ್ಟಿಮುಟ್ಟು ಆಳು. ರಜಾಕಾರರು ಅವನ ಬಣವೆ ಸುಟ್ಟಿದ್ದರು, ಅಣ್ಣನ ಕಾಲು ಮುರಿದಿದ್ದರು. ಅವನ ಸಿಟ್ಟು ಸುಳ್ಳಿನದಲ್ಲ. ಆದರೆ ಕಾಲು ಮುರಿದವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಟೋಪಿ. ಅದು ಪಡಸಾಲೆಯಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ತೂಗುತ್ತಿತ್ತು.

"ಏ ಮುದುಕಿ! ಈ ಟೋಪಿ ಯಾರದು?"

ಶೇವಂತಾಬಾಯಿ ಬಾಗಿಲಿನಿಂದ ಇಣುಕಿ ಆಗ ನೋಡಿದಳು. ಮುಖದಲ್ಲಿ ಏನೂ ತೋರಿಸಲಿಲ್ಲ.

"ಗೂಟದ್ದು."

"ಒಳಗ ಯಾರದಾರ?"

"ಪಾವಣೇರ."

"ಹೆಸರು ಹೇಳು!"

"ಹೆಸರು ಗೂಟಕ್ಕ ಹಾಕಿ ಒಳಗ ಹೋಗ್ಯಾರಪ್ಪಾ. ನನಗ್ಯಾಕ ಕೇಳ್ತಿ, ಗೂಟಕ್ಕ ಕೇಳು."

ಮಚ್ಛೇಂದ್ರ ಹಲ್ಲು ಕಡಿದು ಒಳಗೆ ನುಗ್ಗಿದ. ಬಾಗಿಲು ತನ್ನ ಕೆಲಸ ಮಾಡಿತು. ಠಣ್ಣೆಂದು ಬಡಿದು, ಅವನು ತಲೆ ಹಿಡಿದುಕೊಂಡು ಕುಕ್ಕರಿಸಿದ. ಅವನ ರುಮಾಲು ಹಾರಿ ಸೇಂದಿಯ ಗಡಿಗೆಯಲ್ಲಿ ಬಿತ್ತು. ಅವನ ಜನರೇ ಕಿಸಕ್ಕನೆ ನಕ್ಕರು. "ಅದಕ್ಕ ಮೊದಲೇ ಹೇಳ್ತೇನಿ, ಟೋಪಿ ಗೂಟಕ್ಕ ಅಂತ," ಎಂದು ಶೇವಂತಾಬಾಯಿ ರುಮಾಲನ್ನು ಹಿಂಡಿ ಅವನ ಕೈಗಿತ್ತಳು.

ಮಚ್ಛೇಂದ್ರನಿಗೆ ಉರಿದುಹೋಯಿತು. ಆದರೂ ಮತ್ತೆ ಬಗ್ಗಿ ಒಳಗೆ ತಲೆ ಹಾಕಲು ಧೈರ್ಯವಾಗಲಿಲ್ಲ. ಕತ್ತಲೆಯಲ್ಲಿ ಕುತ್ತಿಗೆ ಚಾಚಿದರೆ ಒಳಗಿನವರು ಏನು ಮಾಡಿಯಾರೋ! ಹೊರಗೆ ನಿಂತೇ ಕೂಗಿದ: "ಒಬ್ಬೊಬ್ರೇ ಹೊರಗ ಬರ್ರಿ! ತಂತಮ್ಮ ತಲಿದು ತಾವು ಹಾಕ್ಕೊಳ್ರಿ! ಕೆಂಪ ಟೋಪಿ ಯಾರಿಗಿ ಉಳಿತದ, ಅಂವಾ ನಮಗ ಬೇಕಾದಂವಾ!"

ಗೂಟಗಳ ಮೇಲೆ ನಾಲ್ಕು, ಒಳಗೆ ನಾಲ್ವರು. ತಪ್ಪಿಸಿಕೊಳ್ಳುವ ದಾರಿಯಿಲ್ಲ. ಪೇಶಕಾರ ಎದ್ದು ನಿಂತ. "ನಾನೇ ಹೋಗ್ತೇನಿ. ನಿಮಗ ತ್ರಾಸ ಬ್ಯಾಡ," ಎಂದು ಉಡಿಯಿಂದ ಬೀಗದ ಕೈ ಬಿಚ್ಚಿ ಪಾಟೀಲನ ಕೈಯಲ್ಲಿಟ್ಟ. "ಹೊಸಾ ತಹಶೀಲದಾರ ಬಂದ್ರ ಕೊಡ್ರಿ. ರಸೀದಿ ತೊಗೊಳ್ರಿ."

ಸಾಯಲು ಹೊರಟವನು ರಸೀದಿ ಕೇಳುತ್ತಿದ್ದಾನೆ! ಪಾಟೀಲ ಪೇಶಕಾರನ ತೋಳು ಹಿಡಿದು ಜಗ್ಗಿ ಕೂಡಿಸಿದ. ಆಮೇಲೆ ಏನು ಮಾಡುವುದೆಂದು ಅವನಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಧೊಂಡಿಬಾ ಎದ್ದ. ಅವನು ಎಲ್ಲರಿಗಿಂತ ಹೆಚ್ಚು ಕುಡಿದಿದ್ದ, ಹೊರಗಿನ ಗದ್ದಲ ಅವನ ಕಿವಿಗೆ ಅರ್ಧವೇ ಬಿದ್ದಿತ್ತು. "ಕುರಿ ಕಾಯ್ಲತ್ತಾವ," ಎಂದು ಗೊಣಗುತ್ತ ಬಗ್ಗಿ ಪಡಸಾಲೆಗೆ ಬಂದ. ಯಾವಾಗಿನಂತೆ, ನೋಡದೆ, ಅವನ ಕೈ ತನ್ನ ಗೂಟಕ್ಕೆ ಹೋಯಿತು. ಎಷ್ಟೋ ವರ್ಷದಿಂದ ಆ ಕೈಗೆ ಬೇರೆ ಗೂಟ ಗೊತ್ತಿರಲಿಲ್ಲ. ಅಲ್ಲಿ ಸಿಕ್ಕಿದ್ದನ್ನು ತೆಗೆದು ತಲೆಯ ಮೇಲೆ ಒತ್ತಿಕೊಂಡ.

ಕೆಂಪು ರೂಮಿ ಟೋಪಿ. ಅದರ ಗೊಂಡೆ ತುಳಸಿಮಾಲೆಯ ಮೇಲಕ್ಕೆ ತೂಗಾಡುತ್ತಿತ್ತು.

ಮಚ್ಛೇಂದ್ರ ಬಡಿಗೆ ಎತ್ತಿದವನು ಹಾಗೆಯೇ ನಿಂತ. "ಮಾವಾರಾ?"

ಹೌದು. ಧೊಂಡಿಬಾ ಅವನ ಹೆಂಡತಿ ಜನಾಬಾಯಿಯ ಅಪ್ಪ.

ಧೊಂಡಿಬಾ ಕಣ್ಣು ಕಿರಿದು ಮಾಡಿ ನೋಡಿದ. ಸೇಂದಿಖಾನೆಯ ಬಾಗಿಲಲ್ಲಿ ಅಳಿಯ! ಕೈಯಲ್ಲಿ ಸೇಂದಿ ತೊಟ್ಟಿಕ್ಕುವ ರುಮಾಲು! ಮ್ಯಾಲಿಂದ ಕೆಳಗಿನವರೆಗೆ ವಾಸನೆ! ಅವನಿಗೆ ರೇಗಿತು. "ಅಳಿಯಂದ್ರಾ! ನೀವು ಇಲ್ಲಿ ಏನ್ ಮಾಡ್ಲತ್ತೀರಿ? ಹಾಡಹಗಲ ಕುಡ್ದು ಬಜಾರದಾಗ ನಿಂತೀರೇನು? ನನ್ನ ಮಗಳಿಗಿ ಇಂಥಾ ಕುಡುಕನ ಕೈಯಾಗ ಕೊಟ್ಟೀನೇನು?"

"ನಾ ಕುಡಿಲಾಕ ಬಂದಿಲ್ರಿ ಮಾವಾರ!"

"ಇಲ್ಲಿಗಿ ಬಂದವ್ರೆಲ್ಲಾ ಹಂಗೇ ಅಂತಾರ!"

"ಮಾವಾರ, ನಿಮ್ಮ ತಲಿ ಮ್ಯಾಲ..."

"ನನ್ನ ತಲಿ ನನಗ ಗೊತ್ತದ! ನಿಮ್ದು ಉಬ್ಬ್ಯಾದ ನೋಡ್ಕೊಳ್ರಿ!"

ಮಚ್ಛೇಂದ್ರನ ಜನ ಹಿಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಶೇವಂತಾಬಾಯಿ ಇಂಥ ಸಂದಿಯನ್ನು ಬಿಡುವವಳಲ್ಲ. "ಟೋಪಿ ಯಾರದು ಅಂತ ಕೇಳಿದ್ರಲ್ಲ, ಸಿಕ್ತರಿ," ಎಂದಳು. "ನಿಮ್ಮ ಮಾವಂದು. ಹೊಡಿತೀರೇನು? ಹೊಡ್ದು ಊರಿಗಿ ಹೋಗಿ ಹೆಣ್ತಿಗಿ ಹೇಳ್ರಿ, ನಿಮ್ಮಪ್ಪಗ ಸೇಂದಿಖಾನ್ಯಾಗ ಹಿಡ್ದು ಹೊಡ್ದೀನಿ ಅಂತ."

ಮಚ್ಛೇಂದ್ರನ ಬಡಿಗೆ ತಾನೇ ಕೆಳಗಿಳಿಯಿತು.

ಒಳಗಿದ್ದ ಪಾಟೀಲನಿಗೆ ಈಗ ಬುದ್ಧಿ ಹೊಳೆಯಿತು: ಟೋಪಿಯ ಪೇಶಕಾರನಿಗೆ ಮುಂಡಾಸು ಸುತ್ತಲು ಬಾರದು, ಗಂಜಿ ಹಾಕಿ ಸುತ್ತಿಟ್ಟ ರುಮಾಲಾದರೆ ಎತ್ತಿ ಇಟ್ಟುಕೊಂಡರೆ ಸಾಕು. ಅವನು ಬಗ್ಗಿ ಹೊರಗೆ ಬಂದ. ತನ್ನ ಜರಿಯಂಚಿನ ರುಮಾಲನ್ನು ಕಣ್ಣೆತ್ತಿಯೂ ನೋಡಲಿಲ್ಲ. ಪಕ್ಕದಲ್ಲಿದ್ದ ಧೊಂಡಿಬಾನ ಮುಂಡಾಸನ್ನು ಎತ್ತಿ, ಕುರಿವಾಸನೆಗೆ ಉಸಿರು ಬಿಗಿಹಿಡಿದು, ತಲೆಗೆ ಸುತ್ತಿ, ತುದಿಯಿಂದ ಮುಖ ಮುಚ್ಚಿಕೊಂಡು ಸರಸರನೆ ಮೆಟ್ಟಿಲಿಳಿದ. ಊರ ಪಾಟೀಲ ತನ್ನ ಜನ್ಮದಲ್ಲಿ ಮಾಡಿದ ಎಲ್ಲ ದಾನಧರ್ಮಕ್ಕಿಂತ ಅದು ದೊಡ್ಡದು ಎಂದು ನಾನು ಹೇಳುತ್ತೇನೆ. ಹೂವಿನ ಟೋಪಿಯವನು ತನ್ನದನ್ನು ಹಾಕಿಕೊಂಡು ಎದುರಿನ ಅಂಗಡಿಗೆ ಓಡಿದ.

ಕೊನೆಗೆ ಪೇಶಕಾರ ಬಂದ. ಗೂಟದ ಮೇಲೆ ಪಾಟೀಲನ ರುಮಾಲೊಂದೇ ಉಳಿದಿತ್ತು. ಅದನ್ನು ಎತ್ತಿ ಇಟ್ಟುಕೊಂಡರೆ ಮೂಗಿನವರೆಗೆ ಇಳಿಯಿತು. ಏನೂ ಕಾಣದೆ ತಡವರಿಸಿದ. ಶೇವಂತಾಬಾಯಿ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಎಷ್ಟ್ ಕುಡಿತೀಯಪ್ಪಾ ಹಾಳಾದಂವಾ! ಕಣ್ಣು ಕಾಣವೊಲ್ಲದು. ನಡಿ, ಧೊಂಡಿಬಾನ ಕೂಡ ಕುರಿ ಹೊಡ್ಕೊಂಡು ನಡಿ!" ಎಂದು ಬೈದಳು. ಜನ್ಮದಲ್ಲಿ ಒಂದು ಹನಿ ಮುಟ್ಟದ ಮನುಷ್ಯ ತುಂಬಿದ ಬಜಾರಿನಲ್ಲಿ ಕುಡುಕನೆನಿಸಿಕೊಂಡ. ಮೆಟ್ಟಿಲಲ್ಲಿ ಅವನ ಕಾಲು ತಪ್ಪಿತು. ಬಿದ್ದೇಬಿಡುತ್ತಿದ್ದ. ಮಚ್ಛೇಂದ್ರ ಚಕ್ಕನೆ ತೋಳು ಹಿಡಿದು, "ಹುಷಾರ ಕಾಕಾ, ಸಾವಕಾಶ," ಎಂದು ಕೆಳಗಿಳಿಸಿದ. ಬೆಳಗಿನಿಂದ ಯಾರನ್ನು ಹುಡುಕುತ್ತಿದ್ದನೋ ಅವನನ್ನು ತನ್ನ ಕೈಯಾರೆ ದಾಟಿಸಿ ಬಿಟ್ಟ.

ಆಮೇಲೆ ಮಾವ ಅಳಿಯ ಒಂದು ಮೂಲೆಗೆ ನಿಂತು ಪಿಸಿಪಿಸಿ ಮಾತಾಡಿದರು. ಇವನು ಅವನನ್ನು ಇಲ್ಲಿ ಕಂಡಿಲ್ಲ, ಅವನು ಇವನನ್ನು ಕಂಡಿಲ್ಲ ಎಂದು ತೀರ್ಮಾನವಾಯಿತು. ಕಾಣದ ಜಾಗದಲ್ಲಿ ಮತ್ತೇನು ಹುಡುಕುವುದು? ಮಚ್ಛೇಂದ್ರ ತನ್ನ ಜನರನ್ನು ಕರೆದುಕೊಂಡು ಹೋದ. ಪೇಶಕಾರ ಧೊಂಡಿಬಾನ ಕುರಿಗಳ ನಡುವೆ ನಡೆದು, ಹಟ್ಟಿಯಲ್ಲಿ ಕೆಲವು ದಿನ ಅಡಗಿದ್ದು, ಫೌಜಿನವರು ಶಾಂತಿ ಮಾಡಿದ ಮೇಲೆ ಬೀದರಿಗೆ ಮುಟ್ಟಿದ.

ಹೊಸ ಸರಕಾರದಲ್ಲೂ ಅವನನ್ನು ಅದೇ ಕುರ್ಚಿಗೆ ಕರೆದರು. ಪಾಟೀಲನಿಂದ ಬೀಗದ ಕೈ ತಿರುಗಿ ಪಡೆದಾಗ ಅವನೇ ರಸೀದಿ ಬರೆದುಕೊಟ್ಟನಂತೆ. ಶೇರವಾನಿ, ಧೊಂಡಿಬಾ ತಂದುಕೊಟ್ಟ ಕೆಂಪು ಟೋಪಿ ಎರಡನ್ನೂ ಶೇವಂತಾಬಾಯಿ ನಮ್ಮಪ್ಪನ ಕೈಯಲ್ಲಿ ಕಳಿಸಿದಳು. ಟೋಪಿಯನ್ನು ಅವನು ಮತ್ತೆ ಹಾಕಲಿಲ್ಲ. ನಮ್ಮ ಅಂಗಡಿಯಿಂದ ಕರಿ ಟೋಪಿ ಒಯ್ದ.

ಆದರೆ ಅವನಿಗೊಂದು ಸಂಕಟ ಹತ್ತಿತು. ಜೀವ ಉಳಿಸಿದವಳಿಗೆ ಒಂದು ಮಾತು ಹೇಳಬೇಕು. ಹೇಗೆ ಹೇಳುವುದು? ಉಪಕಾರವಾಯಿತು ಎಂದರೆ, ನಾನು ಅಲ್ಲಿದ್ದೆ ಎಂದು ಒಪ್ಪಿದಂತೆ. ಒಪ್ಪಿದರೆ ಅಲ್ಲಿದ್ದ ಧೊಂಡಿಬಾನ ಆಣೆ, ಪಾಟೀಲನ ಮರ್ಯಾದೆ ಎಲ್ಲ ಬೀದಿಗೆ ಬೀಳುತ್ತವೆ. ಅವನು ಆ ಗಲ್ಲಿ ದಾಟುವಾಗ ಮೂಗಿಗೆ ತೋಳು ಒತ್ತುವುದನ್ನು ಬಿಟ್ಟ, ಆದರೆ ನಿಲ್ಲುತ್ತಿರಲಿಲ್ಲ. ಅವಳೂ "ಗೂಟ ಖಾಲಿ ಅದ" ಎನ್ನುವುದನ್ನು ಬಿಟ್ಟಳು. ರಮಜಾನ್ ಹಬ್ಬಕ್ಕೆ ಗಲ್ಲಿಯ ಪ್ರತಿ ಮನೆಗೂ ಹಾಲು ಶಾವಿಗೆಯ ಶೀರ್ ಖುರ್ಮಾ ಕಳಿಸತೊಡಗಿದ. ಗುಡಿಯ ಪೂಜಾರಿಯ ಮನೆಗೂ ಬಂತು. ಪೇಶಕಾರನಿಗೆ ಇದೇನು ದಾನದ ಹುಚ್ಚು ಎಂದು ಜನ ಬೆರಗಾದರು. ಅವನಿಗೆ ಕಳಿಸಬೇಕಾಗಿದ್ದದ್ದು ಒಂದೇ ಮನೆಗೆ.

ಹೈದರಾಬಾದ ಸಂಸ್ಥಾನ ಒಡೆದು ನಾವು ಮೈಸೂರಿಗೆ ಸೇರುವ ಹಿಂದಿನ ವರ್ಷ ಶೇವಂತಾಬಾಯಿ ತೀರಿಕೊಂಡಳು. ಬಾಗಿಲ ಪಕ್ಕದ ಮಣೆಯ ಮೇಲೆ, ಗಡಿಗೆಗೆ ಅರಿವೆ ಕಟ್ಟುತ್ತಲೇ ಹೋದಳಂತೆ. ಮಕ್ಕಳಿರಲಿಲ್ಲ. ಹೆಣವನ್ನು ಒಳಗಿನ ಕೋಣೆಯಲ್ಲಿ ಮಲಗಿಸಿದ್ದರು. ಗಲ್ಲಿಯ ತುಂಬ ಜನ. ಹೆಂಗಸರು ಒಳಗೆ ಹೋಗಿ ಬಂದರು. ಗಂಡಸರು ಮಾತ್ರ ಬೀದಿಯಲ್ಲೇ ನೆಲ ನೋಡುತ್ತ ನಿಂತರು. ಒಳಗೆ ಹೋಗಬೇಕೆಂದರೆ ತಲೆಯ ಮೇಲಿನದನ್ನು ತೆಗೆದು ಗೂಟಕ್ಕೆ ಹಾಕಬೇಕು. ಹೆಂಡಿರೆಲ್ಲ ಎದುರಿಗೇ ನಿಂತಿದ್ದಾರೆ.

ಆಗ ಫಕ್ರೋದ್ದೀನ ಸಾಬ್ ಬಂದ. ಏಳು ವರ್ಷ ಪೆಟ್ಟಿಗೆಯಲ್ಲಿದ್ದ ಕೆಂಪು ಟೋಪಿ ಅವನ ತಲೆಯ ಮೇಲಿತ್ತು. ಮಸೀದಿಯಿಂದ ಬಂದವರು, ಗುಡಿಯಿಂದ ಬಂದವರು ಎಲ್ಲ ನೋಡುತ್ತಿದ್ದಂತೆ ಮೆಟ್ಟಿಲು ಹತ್ತಿ, ಟೋಪಿ ತೆಗೆದು, ಅದೇ ಗೂಟಕ್ಕೆ ಹಾಕಿದ. ಗೊಂಡೆ ನೆಟ್ಟಗೆ ಮಾಡಿದ. ಬಗ್ಗಿ ಬಾಗಿಲೊಳಗೆ ಹೋಗಿ, ಬಜಾರಿಗೆಲ್ಲ ಕೇಳುವಂತೆ ಹೇಳಿದ: "ಬಾಯಿ, ಟೋಪಿ ಗೂಟಕ್ಕ ಹಾಕೀನಿ."

ಗುಂಪಿನ ಹಿಂದಿನಿಂದ ಒಬ್ಬ ಮುದುಕ ಅಳುತ್ತ, ಜನರನ್ನು ತಳ್ಳುತ್ತ ಮುಂದೆ ಬಂದ. ಕೊರಳಲ್ಲಿ ತುಳಸಿಮಾಲೆ. ಪಡಸಾಲೆಗೆ ಬಂದು ಗೋಡೆ ನೋಡಿದ.

"ಪೇಶಕಾರ ಸಾಬ್," ಎಂದ ಧೊಂಡಿಬಾ, ಮೂಗು ಒರೆಸಿಕೊಳ್ಳುತ್ತ, "ಮತ್ತ ನನ್ನ ಗೂಟಕ್ಕೇ ಹಾಕೀರಲ್ರಿ!"

ಕಟ್ಟು ಮುರಿದದ್ದು ಆಗ. ಪಾಟೀಲ ರುಮಾಲು ಬಿಚ್ಚಿದ. ಅವನ ಹಿಂದೆ ಒಬ್ಬೊಬ್ಬರಾಗಿ ಊರೇ ಮೆಟ್ಟಿಲು ಹತ್ತಿತು. ಯಾರ ಕೈಯೂ ಗೂಟ ಹುಡುಕಲಿಲ್ಲ. ಎದುರಿನ ಅಂಗಡಿಯ ಟೋಪಿಯೂ ತನ್ನ ಜಾಗ ತಾನೇ ಕಂಡುಕೊಂಡಿತು. ಗೂಟಗಳು ತುಂಬಿದ ಮೇಲೆ ಉಳಿದವರು ರುಮಾಲುಗಳನ್ನು ಎದೆಗೆ ಹಿಡಿದು ನಿಂತರು. ಹೆಣವನ್ನು ಹೊರಗೆ ತರುವಾಗ ಹೊತ್ತ ನಾಲ್ವರೂ ಬಾಗಿಲಲ್ಲಿ ಸೊಂಟ ಮುರಿದು ಬಗ್ಗಿದರು.

ಮಣ್ಣು ಮಾಡಿ ಬಂದ ಮೇಲೆ ನಮ್ಮಪ್ಪ ಬರಿದಲೆಯಲ್ಲೇ ಮನೆಯ ಕಟ್ಟೆಯ ಮೇಲೆ ಕೂತ. ನಮ್ಮವ್ವ ಸ್ನಾನಕ್ಕೆ ನೀರು ತಂದಿಟ್ಟು, ಅವನನ್ನೇ ನೋಡುತ್ತ ನಿಂತಳು.

"ನಿಮ್ದು ಆ ತುದಿ ಗೂಟ ಏನರಿ?"

ಅಪ್ಪ ಹೂಂ ಎಂದ.

"ನನಗ ಮೊದಲಿಂದ ಗೊತ್ತಿತ್ತರಿ. ಟೋಪಿ ಮಾರೋ ಮನುಷ್ಯಾ, ದಿನಾ ಸಂಜಿಗಿ ಟೋಪಿ ಹಿಂದ ಮುಂದ ಮಾಡಿ ಹಾಕ್ಕೊಂಡು ಮನಿಗಿ ಬರ್ತಿದ್ರಿ," ಎಂದಳು ಅವ್ವ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬದುಕಿದ್ದಾಗ ಆಕಿಗಿ ಒಬ್ರರೇ ಒಂದು ಮಾತು ಹೇಳಬಾರದಿತ್ತೇನರಿ?"